ಶುಗರ್, ಬಿಪಿ ಇದ್ದವರಿಗೆ ಕೊರೊನಾ ಯಾಕೆ ಜಾಸ್ತಿ ಕಾಡುತ್ತದೆ? ಅಮ್ಮನ ವಿಷಯದಲ್ಲಿ ಕೇಳುತ್ತಿದ್ದೇನೆ

ತುಂಗೆಯ ಮಗಳು
2023 ಡಿಸೆಂಬರ್ 20

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗದ ಹತ್ತಿರ ಒಂದು ಹಳ್ಳಿ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಅಮ್ಮ ಊರಲ್ಲಿ ಒಬ್ಬರೇ ಇದ್ದಾರೆ. ವಯಸ್ಸು 63. ಶುಗರ್ ಬಂದು 14 ವರ್ಷ ಆಯಿತು. ಬಿಪಿಗೂ ದಿನಾ ಮಾತ್ರೆ ನಡೆಯುತ್ತಿದೆ.

ಮೊನ್ನೆಯಿಂದ ಟಿವಿಯಲ್ಲಿ ಮತ್ತೆ ಕೊರೊನಾ ಸುದ್ದಿ. ಜೆಎನ್.1 ಅಂತ ಹೊಸ ತಳಿಯಂತೆ. 60 ದಾಟಿದವರು, ಬೇರೆ ಕಾಯಿಲೆ ಇರುವವರು ಮಾಸ್ಕ್ ಹಾಕಿಕೊಳ್ಳಿ ಅಂತ ಸರ್ಕಾರ ಹೇಳಿದೆ. ಅಮ್ಮ ಅದನ್ನು ನೋಡಿ ಫೋನ್ ಮಾಡಿದರು. "ಎರಡೂ ನಂಗೇ ಹೇಳಿದ ಹಾಗಿದೆ ನೋಡೇ" ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

2021ರ ಮೇ ತಿಂಗಳಲ್ಲಿ ನಮ್ಮ ಚಿಕ್ಕಪ್ಪ ಹೋದರು. ಅವರಿಗೂ ಶುಗರ್ ಇತ್ತು. ಬಂದವರೆಲ್ಲ "ಶುಗರ್ ಇತ್ತಲ್ಲ, ಅದಕ್ಕೇ" ಅಂದರು. ಅದಕ್ಕೇ ಅಂದರೆ ಏನು? ರಕ್ತದಲ್ಲಿರುವ ಸಕ್ಕರೆಗೂ ಶ್ವಾಸಕೋಶಕ್ಕೂ ಏನು ಸಂಬಂಧ? ಯಾರೂ ಬಿಡಿಸಿ ಹೇಳಲಿಲ್ಲ. ಇಲ್ಲಿ ಡಾಕ್ಟರು, ನರ್ಸುಗಳು ಇದ್ದೀರಿ ಅಂತ ಗೊತ್ತು. ಅಮ್ಮನಿಗೆ ಅರ್ಥ ಆಗುವ ಹಾಗೆ ಹೇಳಿ. ನಾನು ಅವರಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ.


ಊರ ಡಾಕ್ಟರ್
2023 ಡಿಸೆಂಬರ್ 20

ತಾಯಿಯವರಿಗೆ ಮೊದಲು ಒಂದು ಮಾತು ಹೇಳಿ. 2021 ಬೇರೆ, ಈಗಿನದು ಬೇರೆ. ಜೆಎನ್.1 ಒಮಿಕ್ರಾನ್ ಕುಟುಂಬದ್ದೇ. ನಮ್ಮ ಜನಕ್ಕೆ ಲಸಿಕೆ ಬಿದ್ದಿದೆ, ಬಹಳ ಮಂದಿಗೆ ಒಮ್ಮೆ ಸೋಂಕೂ ಬಂದು ಹೋಗಿದೆ. ಹಾಗಂತ ಶುಗರ್ ಇದ್ದವರು ಅಸಡ್ಡೆ ಮಾಡುವ ಹಾಗಿಲ್ಲ.

ಈಗ ನಿಮ್ಮ ಪ್ರಶ್ನೆ. ಮನೆ ನಡೆಸುವವರಿಗೆ ಇದು ಬೇಗ ಹೊಳೆಯುತ್ತದೆ. ಕೈಯಲ್ಲಿ ನಾಲ್ಕು ಕಾಸು ಉಳಿತಾಯ ಇದ್ದರೆ, ದಿಢೀರ್ ಖರ್ಚು ಬಂದಾಗ ಮನೆ ತಡೆದುಕೊಳ್ಳುತ್ತದೆ. ಮೊದಲೇ ಸಾಲದಲ್ಲಿರುವ ಮನೆಗೆ ಅದೇ ಖರ್ಚು ಬಂದರೆ ಬುಡವೇ ಅಲುಗಾಡುತ್ತದೆ. ದೇಹವೂ ಹಾಗೆಯೇ. ಜ್ವರ ಬಂದರೆ ಹೃದಯ ಜಾಸ್ತಿ ಬಡಿಯಬೇಕು, ಶ್ವಾಸಕೋಶ ಜಾಸ್ತಿ ಎಳೆಯಬೇಕು, ಕಿಡ್ನಿ ಜಾಸ್ತಿ ಶೋಧಿಸಬೇಕು. ಆ ಜಾಸ್ತಿ ಕೆಲಸಕ್ಕೆ ಬೇಕಾದ ಉಳಿತಾಯವನ್ನು ಹಳೆಯ ಕಾಯಿಲೆ ಮೊದಲೇ ತಿಂದಿರುತ್ತದೆ.

ಶುಗರ್ ವಿಷಯದಲ್ಲಿ ಇನ್ನೂ ಒಂದೆರಡು ಇದೆ. ರಕ್ತದಲ್ಲಿ ಸಕ್ಕರೆ ಬಹಳ ದಿನ ಜಾಸ್ತಿ ಇದ್ದರೆ, ರೋಗಾಣುವನ್ನು ಅಟ್ಟಿಸಿಕೊಂಡು ಹೋಗುವ ಬಿಳಿ ರಕ್ತಕಣಗಳು ಮಂದ ಆಗುತ್ತವೆ. ರಕ್ತನಾಳದ ಒಳಗಿನ ಪದರ ಕೆಡುತ್ತಾ ಹೋಗುತ್ತದೆ. ಕೊರೊನಾ ಕೂಡ ಅದೇ ಪದರಕ್ಕೆ ಏಟು ಕೊಡುತ್ತದೆ, ಸಣ್ಣ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತದೆ. ಮೊದಲೇ ಕೆಟ್ಟ ಜಾಗಕ್ಕೆ ಇನ್ನೊಂದು ಏಟು. ಸಾಲದ್ದಕ್ಕೆ ಸೋಂಕು ಬಂದಾಗ ಸಕ್ಕರೆ ತಾನಾಗಿಯೇ ಏರುತ್ತದೆ. ಏರಿದ ಸಕ್ಕರೆ ಸೋಂಕನ್ನು ಜಾಸ್ತಿ ಮಾಡುತ್ತದೆ, ಜಾಸ್ತಿಯಾದ ಸೋಂಕು ಮತ್ತೆ ಸಕ್ಕರೆ ಏರಿಸುತ್ತದೆ.

2020ರ ಫೆಬ್ರವರಿಯಲ್ಲೇ ಚೀನಾದವರು 44,672 ಖಚಿತ ಪ್ರಕರಣಗಳ ಲೆಕ್ಕ ಕೊಟ್ಟಿದ್ದರು. ಬೇರೆ ಕಾಯಿಲೆ ಇಲ್ಲದವರಲ್ಲಿ ತೀರಿಕೊಂಡವರು ಶೇ 0.9. ಶುಗರ್ ಇದ್ದವರಲ್ಲಿ ಶೇ 7.3. ಹೃದಯದ ಕಾಯಿಲೆ ಇದ್ದವರಲ್ಲಿ ಶೇ 10.5, ಬಿಪಿ ಇದ್ದವರಲ್ಲಿ ಶೇ 6. ಅದು ಲಸಿಕೆ ಇಲ್ಲದ ಕಾಲದ ಲೆಕ್ಕ. ಈಗಿನ ಅಮ್ಮನಿಗೆ ಆ ಸಂಖ್ಯೆ ಹೊಂದುವುದಿಲ್ಲ, ಅದನ್ನು ಓದಿ ಹೆದರಿಸಬೇಡಿ. ಯಾವುದರಲ್ಲಿ ಜಾಸ್ತಿ, ಯಾವುದರಲ್ಲಿ ಕಡಿಮೆ ಅನ್ನುವುದಕ್ಕೆ ಮಾತ್ರ ಹೇಳಿದೆ.

ಅಮ್ಮನ ಮೂರು ತಿಂಗಳ ಸರಾಸರಿ ಎಷ್ಟಿದೆ? ಅದೇ, ಎಚ್‌ಬಿಎ1ಸಿ. ಎಲ್ಲಕ್ಕಿಂತ ಮೊದಲು ಅದನ್ನು ಹೇಳಿ.


ತುಂಗೆಯ ಮಗಳು

ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ಉಳಿತಾಯದ ಮಾತು ಅಮ್ಮನಿಗೆ ತಕ್ಷಣ ಅರ್ಥ ಆಯಿತು. ಎಚ್‌ಬಿಎ1ಸಿ ಮಾಡಿಸಿ ಒಂದೂವರೆ ವರ್ಷ ಆಗಿದೆಯಂತೆ. ನನಗೆ ಗೊತ್ತೇ ಇರಲಿಲ್ಲ. ಮಾತ್ರೆ ತಪ್ಪಿಸುತ್ತಿಲ್ಲ ಅನ್ನುತ್ತಾರೆ.


ಬಯಲುಸೀಮೆ

ಯಾರ ಮನಸ್ಸನ್ನೂ ನೋಯಿಸಲು ಹೇಳುತ್ತಿಲ್ಲ. ಆದರೆ ನಮ್ಮ ತಾತನಿಗೆ 81 ವರ್ಷ, ಶುಗರ್ರೂ ಇದೆ, ಬಿಪಿಯೂ ಇದೆ. 2020ರಲ್ಲಿ ಪಾಸಿಟಿವ್ ಬಂದು ಹತ್ತು ದಿನ ಕೆಮ್ಮಿ ಎದ್ದು ಕೂತರು. ಅದೇ ಬೀದಿಯಲ್ಲಿ 34ರ ಹುಡುಗ, ಒಂದು ಮಾತ್ರೆ ನುಂಗಿದವನಲ್ಲ, ಎರಡನೇ ಅಲೆಯಲ್ಲಿ ಹೋದ. ನಾನೇ ಹೆಗಲು ಕೊಡಬೇಕಿತ್ತು, ಕೊಡಲು ಬಿಡಲಿಲ್ಲ. ಹೀಗಿರುವಾಗ ಶುಗರ್ ಇದೆ ಅಂತ ವಯಸ್ಸಾದವರನ್ನು ಹೆದರಿಸುವುದರಲ್ಲಿ ಅರ್ಥ ಏನಿದೆ?


ಊರ ಡಾಕ್ಟರ್

ನೀವು ಹೇಳಿದ ಎರಡೂ ನಿಜ. ಇಂಥವನ್ನು ನಾನೂ ನೋಡಿದ್ದೇನೆ. ಶುಗರ್ ಇದ್ದವರೆಲ್ಲ ಹೋಗುತ್ತಾರೆ ಅಂತ ಯಾರೂ ಹೇಳಿಲ್ಲ. ನೂರು ಜನರಲ್ಲಿ ಎಷ್ಟು ಮಂದಿ ಅನ್ನುವ ಲೆಕ್ಕ ಅದು. ಒಬ್ಬರ ಹಣೆಬರಹ ಹೇಳುವುದಿಲ್ಲ. ತಾತನವರ ಶುಗರ್ ಹಿಡಿತದಲ್ಲಿ ಇದ್ದಿರಲೂಬಹುದು. ಆ ಹುಡುಗನ ವಿಷಯದಲ್ಲಿ ನಾನು ಏನೂ ಊಹೆ ಮಾಡುವುದಿಲ್ಲ, ಅದು ಸರಿಯಲ್ಲ.

ಒಂದು ಮಾತ್ರ ಎಲ್ಲರಿಗೂ ಹೇಳಬೇಕು. ಮಾತ್ರೆ ನುಂಗದವರೆಲ್ಲ ಕಾಯಿಲೆ ಇಲ್ಲದವರಲ್ಲ. ಇದೇ ವರ್ಷ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಲೆಕ್ಕ ಬಂತು. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಎಷ್ಟೋ ಜನ ಒಮ್ಮೆಯೂ ಬೆರಳು ಚುಚ್ಚಿಸಿಕೊಂಡಿಲ್ಲ.


ರಾತ್ರಿ ಪಾಳಿ

ನಾನು ಸ್ಟಾಫ್ ನರ್ಸ್. 2020ರಿಂದ 21ರವರೆಗೆ ಕೋವಿಡ್ ವಾರ್ಡಿನಲ್ಲಿದ್ದೆ. ಡಾಕ್ಟರ್ ಸರ್ ಹೇಳಿದ ಕೊನೆಯ ಮಾತನ್ನು ಓದಿ ಬರೆಯಲೇಬೇಕು ಅನ್ನಿಸಿತು.

ಅಡ್ಮಿಟ್ ಮಾಡಿಕೊಳ್ಳುವಾಗ ಕೇಳುತ್ತಿದ್ದೆವು. "ಶುಗರ್ ಇದೆಯಾ? ಬಿಪಿ ಇದೆಯಾ?" ಬಹಳ ಜನ ಇಲ್ಲ ಅನ್ನುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ 340, 380. ಕೆಲವೊಮ್ಮೆ ಮೆಷಿನ್ ನಂಬರನ್ನೇ ತೋರಿಸದೆ "ಹೈ" ಅಂತ ತೋರಿಸುತ್ತಿತ್ತು. 600 ದಾಟಿದರೆ ಹಾಗೆ ಬರುತ್ತದೆ. ಕೆಲವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕೆಲವರು ಗೊತ್ತಿದ್ದೂ ಹೇಳುತ್ತಿರಲಿಲ್ಲ. ಶುಗರ್ ಇದೆ ಅಂದರೆ ಐಸಿಯುಗೆ ಹಾಕಿಬಿಡುತ್ತಾರೆ, ವೆಂಟಿಲೇಟರ್ ಹಾಕುತ್ತಾರೆ ಅನ್ನುವ ಭಯ. ದಯವಿಟ್ಟು ಯಾರೂ ಹಾಗೆ ಮುಚ್ಚಿಡಬೇಡಿ. ಔಷಧಿ ಎಷ್ಟು, ಯಾವುದು ಅನ್ನುವುದೆಲ್ಲ ಅದರ ಮೇಲೆ ನಿಂತಿದೆ.

ಒಬ್ಬ ಅಜ್ಜಿ ಇದ್ದರು, 68 ವರ್ಷ. ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, 88ಕ್ಕೆ ಇಳಿದಿತ್ತು. ಆಕ್ಸಿಜನ್ ಹಾಕಿ, ಡೆಕ್ಸಾಮೆಥಸೋನ್ ಶುರು ಮಾಡಿದೆವು. ಅದು ಸ್ಟೀರಾಯ್ಡ್. ಅಂಥವರಿಗೆ ಅದು ಬೇಕೇ ಬೇಕು. ಬ್ರಿಟನ್ನಿನಲ್ಲಿ ನಡೆದ "ರಿಕವರಿ" ಅನ್ನುವ ಔಷಧ ಪ್ರಯೋಗದಲ್ಲಿ 2020ರ ಜೂನ್‌ನಲ್ಲೇ ಗೊತ್ತಾಗಿತ್ತು. ದಿನಕ್ಕೆ 6 ಮಿಲಿಗ್ರಾಂ ಕೊಟ್ಟಾಗ ವೆಂಟಿಲೇಟರ್ ಮೇಲಿದ್ದವರ ಸಾವು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು, ಆಕ್ಸಿಜನ್ ಮೇಲಿದ್ದವರಲ್ಲಿ ಐದರಲ್ಲಿ ಒಂದು ಪಾಲು. ಆದರೆ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. ಅಜ್ಜಿಗೆ ಬೆಳಿಗ್ಗೆ 210 ಇದ್ದದ್ದು ಸಂಜೆಗೆ 430. ದಿನಕ್ಕೆ ನಾಲ್ಕು ಸಲ ಚುಚ್ಚಿ ನೋಡಿ, ಅದಕ್ಕೆ ತಕ್ಕ ಹಾಗೆ ಇನ್ಸುಲಿನ್ ಕೊಡುತ್ತಿದ್ದೆವು. ಪಿಪಿಇ ಕಿಟ್ಟಿನಲ್ಲಿ ಕನ್ನಡಕದ ಮೇಲೆ ಬೆವರಿನ ಮಂಜು ಕೂತು ಸಿರಿಂಜಿನ ಗೆರೆ ಕಾಣುತ್ತಿರಲಿಲ್ಲ. ಒಬ್ಬರು ಟಾರ್ಚ್ ಹಿಡಿಯುತ್ತಿದ್ದರು, ಇನ್ನೊಬ್ಬರು ಎಳೆಯುತ್ತಿದ್ದರು.

ಸಂಜೆ ಯಾಕೆ ಅಷ್ಟು ಏರುತ್ತದೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆವು. ಸ್ಟೀರಾಯ್ಡ್ ಒಂದೇ ಕಾರಣ ಅಲ್ಲ ಅನ್ನಿಸುತ್ತಿತ್ತು. ಆಮೇಲೆ ನೋಡಿದರೆ, ಮನೆಯವರು ಗೇಟಿನಲ್ಲಿ ಕೊಟ್ಟು ಹೋದ ಥರ್ಮೋಸ್. ಶುಂಠಿ, ಮೆಣಸು, ತುಳಸಿ ಹಾಕಿದ ಕಷಾಯ, ಅದರಲ್ಲಿ ಮುಷ್ಟಿ ಬೆಲ್ಲ. ಮಗಳು ಪ್ರೀತಿಯಿಂದ ಮಾಡಿ ಕಳಿಸಿದ್ದು. ಅಜ್ಜಿ ಮಧ್ಯಾಹ್ನದಿಂದ ಸ್ವಲ್ಪ ಸ್ವಲ್ಪವೇ ಕುಡಿಯುತ್ತಿದ್ದರು. ಬೆಲ್ಲ ಸಕ್ಕರೆ ಅಲ್ಲ, ಏನೂ ಆಗುವುದಿಲ್ಲ ಅಂತ ಅವರ ನಂಬಿಕೆ. ಬೆಲ್ಲವೂ ಸಕ್ಕರೆಯೇ ಅಮ್ಮಾ ಅಂತ ಕೈ ಹಿಡಿದು ಹೇಳಿದೆ. ಹದಿನಾರನೇ ದಿನ ಮನೆಗೆ ಹೋದರು.

ಅಕ್ಕ, ನಿಮ್ಮ ಅಮ್ಮ ಕಷಾಯ ಕುಡಿಯುತ್ತಿದ್ದರೆ ಕುಡಿಯಲಿ. ಬೆಲ್ಲ ಬೇಡ ಅಷ್ಟೇ.


ತುಂಗೆಯ ಮಗಳು

ಈಗಷ್ಟೇ ಫೋನ್ ಮಾಡಿ ಕೇಳಿದೆ. ಬೆಲ್ಲ ಹಾಕಿಯೇ ಕುಡಿಯುತ್ತಿದ್ದಾರೆ. ದಿನಕ್ಕೆ ಎರಡು ಲೋಟ.


ಮೆಡಿಕಲ್ ಶಾಪಿನವರು

ನಮ್ಮದು ಬಸ್ ಸ್ಟ್ಯಾಂಡ್ ಎದುರು ಮೆಡಿಕಲ್ ಶಾಪ್. ಬಿಪಿ ಮಾತ್ರೆಯ ವಿಷಯ ಯಾರೂ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

2020ರ ಏಪ್ರಿಲ್‌ನಲ್ಲಿ ಒಂದು ವಾಟ್ಸ್ಆ್ಯಪ್ ಸಂದೇಶ ಹರಿದಾಡಿತು. ಬಿಪಿಯ ಕೆಲವು ಮಾತ್ರೆ ತಿಂದರೆ ಕೊರೊನಾ ಬೇಗ ಒಳಗೆ ಹೋಗುತ್ತದೆ ಅಂತ. ಅದಕ್ಕೆ ಒಂದು ಹಿನ್ನೆಲೆಯೂ ಇತ್ತು. ವೈರಸ್ಸು ಜೀವಕೋಶದ ಒಳಗೆ ಹೋಗುವ ಬಾಗಿಲಿಗೆ ಎಸಿಇ2 ಅಂತ ಹೆಸರು. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಮಾತ್ರೆಗಳು ಅದೇ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತವೆ. ವಿಜ್ಞಾನಿಗಳೇ ಮೊದಲು ಆ ಪ್ರಶ್ನೆ ಎತ್ತಿದ್ದು. ಆದರೆ ಪರೀಕ್ಷೆ ಮಾಡಿ ನೋಡಿದಾಗ, ಮಾತ್ರೆ ಮುಂದುವರಿಸಿದವರಿಗೆ ಕೇಡೇನೂ ಆಗಿರಲಿಲ್ಲ. ನಿಲ್ಲಿಸಿದವರಿಗೆ ಲಾಭವೂ ಆಗಿರಲಿಲ್ಲ.

ಅಷ್ಟರೊಳಗೆ ನಮ್ಮಲ್ಲಿ ಎಷ್ಟೋ ಜನ ನಿಲ್ಲಿಸಿಬಿಟ್ಟಿದ್ದರು. ಪ್ರತಿ ತಿಂಗಳು 5ನೇ ತಾರೀಖು ಬರುವ ಮೇಷ್ಟರು ಒಬ್ಬರು ಬರಲೇ ಇಲ್ಲ. ನಾನೇ ಫೋನ್ ಮಾಡಿದೆ. "ಸುಮ್ನೆ ಯಾಕೆ ಅಂತ ಬಿಟ್ಟಿದ್ದೇನೆ" ಅಂದರು. ಮಾತ್ರೆ ಬಿಟ್ಟು ಮೂರು ವಾರ ಆಗಿತ್ತು. ಸಂಜೆಯೇ ಮಾತ್ರೆ ಪಟ್ಟಿ ಹಿಡಿದು ಅವರ ಮನೆಗೆ ಹೋದೆ. ಬಿಪಿ ನೋಡಿದರೆ ಮೇಲಿನದು 190. ಕೊರೊನಾ ಬರದೆಯೇ ಅವರಿಗೆ ಲಕ್ವ ಹೊಡೆಯುತ್ತಿತ್ತು. ಈಗಲೂ ಸುದ್ದಿ ನೋಡಿ ಯಾರಾದರೂ ಮಾತ್ರೆ ಬಿಡುವ ಯೋಚನೆಯಲ್ಲಿದ್ದರೆ, ಬೇಡಿ. ಒಂದು ಹೊತ್ತೂ ಬಿಡಬೇಡಿ.


ಮ್ಯಾಂಚೆಸ್ಟರ್ ಕನ್ನಡಿಗ

ಇಲ್ಲಿನ ಒಂದು ವಿಷಯ ಸೇರಿಸುತ್ತೇನೆ. ಇಂಗ್ಲೆಂಡಿನಲ್ಲಿ ಸುಮಾರು 1.7 ಕೋಟಿ ವಯಸ್ಕರ ದಾಖಲೆ ಇಟ್ಟುಕೊಂಡು 2020ರಲ್ಲೇ ಒಂದು ದೊಡ್ಡ ಅಧ್ಯಯನ ಮಾಡಿದರು. ಎಲ್ಲ ಕಾಯಿಲೆಗಳಿಗಿಂತ ದೊಡ್ಡ ಅಪಾಯ ವಯಸ್ಸೇ ಅಂತ ಬಂತು. ಶುಗರ್ ಇದ್ದವರಲ್ಲೂ ಅದು ಹಿಡಿತದಲ್ಲಿ ಇಲ್ಲದವರಿಗೆ ಅಪಾಯ ಜಾಸ್ತಿ, ಹಿಡಿತದಲ್ಲಿ ಇದ್ದವರಿಗೆ ಅದಕ್ಕಿಂತ ಕಡಿಮೆ. ಡಾಕ್ಟರ್ ಎಚ್‌ಬಿಎ1ಸಿ ಕೇಳಿದ್ದು ಇದಕ್ಕೇ ಇರಬೇಕು.

ನನಗೆ ಅಸ್ತಮಾ ಇದೆ. ಮೊದಲ ಅಲೆಯಲ್ಲಿ ನಾನು ಹೆದರಿದ್ದು ಅಷ್ಟಿಷ್ಟಲ್ಲ. ಆಮೇಲೆ ಗೊತ್ತಾಯಿತು, ಇನ್ಹೇಲರಿನಲ್ಲಿ ಹಿಡಿತಕ್ಕೆ ಬರುವ ಅಸ್ತಮಾಕ್ಕೆ ಅಂಥ ದೊಡ್ಡ ಅಪಾಯ ಇಲ್ಲ. ಪದೇ ಪದೇ ಸ್ಟೀರಾಯ್ಡ್ ಮಾತ್ರೆ ನುಂಗಬೇಕಾದ ಮಟ್ಟದ ಅಸ್ತಮಾ ಆದರೆ ಜಾಸ್ತಿ. ಇನ್ಹೇಲರ್ ಮಾತ್ರ ಯಾರೂ ನಿಲ್ಲಿಸಬೇಡಿ.


ಊರ ಡಾಕ್ಟರ್

ಸರಿಯಾಗಿ ಹೇಳಿದಿರಿ. ಜೊತೆಗೆ ನಮ್ಮ ಹಳ್ಳಿಯ ಹೆಂಗಸರ ವಿಷಯ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೆ ನಲವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದಿರುತ್ತಾರೆ. ಶ್ವಾಸಕೋಶ ಅರ್ಧಕ್ಕೆ ಬಂದಿರುತ್ತದೆ. ಚೀಟಿಯಲ್ಲಿ ಯಾವ ಕಾಯಿಲೆಯ ಹೆಸರೂ ಇರುವುದಿಲ್ಲ. ಕೊರೊನಾ ಬಂದಾಗ ಅವರು ಬೇಗ ಸುಸ್ತಾಗುತ್ತಿದ್ದರು. ಥೈರಾಯ್ಡ್ ಬಗ್ಗೆ ಇಬ್ಬರು ಮೆಸೇಜ್ ಮಾಡಿ ಕೇಳಿದ್ದೀರಿ. ಮಾತ್ರೆ ತೆಗೆದುಕೊಂಡು ನಾರ್ಮಲ್ ಇದ್ದರೆ ಅದಕ್ಕೆ ಹೆದರಬೇಕಾಗಿಲ್ಲ.


ಹಾವೇರಿ ಹುಡುಗ
2023 ಡಿಸೆಂಬರ್ 21

ನಿನ್ನೆಯಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಇದ್ದೆ.

ನಮ್ಮವ್ವಗೆ 2021ರ ಮೇನಲ್ಲಿ ಕೊರೊನಾ ಬಂತು. ಆಗ 56. ಶುಗರ್ ಎಂಟು ವರ್ಷದ್ದು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಆಕ್ಸಿಜನ್ ಮೇಲಿದ್ದರು, ಚೇತರಿಸಿಕೊಂಡರು. ಮನೆಗೆ ಕಳಿಸುವಾಗ ಸ್ಟೀರಾಯ್ಡ್ ಮಾತ್ರೆ ಇತ್ತು. ಐದು ದಿನಕ್ಕೆ ನಿಲ್ಲಿಸಬೇಕಿತ್ತಂತೆ. ಚೀಟಿಯಲ್ಲಿ ಅದು ನಮಗೆ ಓದಲು ಬರಲಿಲ್ಲ, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವ್ವಗೆ ಆ ಮಾತ್ರೆಯಿಂದ ಹಸಿವು ಚೆನ್ನಾಗಿ ಆಗುತ್ತಿತ್ತು, ಮೈಯಲ್ಲಿ ಶಕ್ತಿ ಬಂದ ಹಾಗೆ ಇತ್ತು. ನಾನೇ ಮತ್ತೆ ಅಂಗಡಿಯಿಂದ ತಂದುಕೊಟ್ಟೆ. ಹತ್ತಿರ ಹತ್ತಿರ ಮೂರು ವಾರ. ಶುಗರ್ ಒಂದು ಸಲವೂ ನೋಡಲಿಲ್ಲ. ಕೊರೊನಾ ಹೋಯಿತಲ್ಲ, ಗೆದ್ದೆವು ಅಂತ ಇದ್ದೆವು.

ಮೊದಲು ಬಲಗಡೆ ಕೆನ್ನೆ ಜೋಮು ಹಿಡಿದ ಹಾಗೆ ಆಯಿತು. ಮುಖ ತೊಳೆಯುವಾಗ ನೀರು ಬಿದ್ದದ್ದು ಗೊತ್ತಾಗುವುದಿಲ್ಲ ಅಂದರು. ಆಮೇಲೆ ಅದೇ ಕಡೆಯ ಮೇಲಿನ ಹಲ್ಲು ಅಲ್ಲಾಡಲು ಶುರುವಾಯಿತು. ಹಲ್ಲಿನ ಡಾಕ್ಟರ್ ಹತ್ತಿರ ಹೋದೆವು. ಆ ಮನುಷ್ಯನಿಗೆ ಎಷ್ಟು ಕೈ ಮುಗಿದರೂ ಸಾಲದು. ಬಾಯಿ ತೆಗೆಸಿ ಅಂಗುಳ ನೋಡಿದ ಕೂಡಲೇ ಅವರ ಮುಖ ಬದಲಾಯಿತು. ಹಲ್ಲು ಮುಟ್ಟಲೇ ಇಲ್ಲ. "ಈಗಲೇ ಹುಬ್ಬಳ್ಳಿಗೆ ಕರಕೊಂಡು ಹೋಗಿ, ನಾಳೆ ಅನ್ನಬೇಡಿ" ಅಂದರು. ಬ್ಲ್ಯಾಕ್ ಫಂಗಸ್.

ಅದಕ್ಕೆ ಕೊಡುವ ಆಂಫೊಟೆರಿಸಿನ್ ಇಂಜೆಕ್ಷನ್ ಎಲ್ಲೂ ಸಿಗದ ದಿನಗಳು ಅವು. ನಾನು, ನಮ್ಮ ಮಾವ, ಗೆಳೆಯರು, ಕೈಯಲ್ಲಿ ಚೀಟಿ ಹಿಡಿದು ಊರೂರು ತಿರುಗಿದೆವು. ಆ ಇಂಜೆಕ್ಷನ್ ಕಿಡ್ನಿಗೂ ಏಟು ಕೊಡುತ್ತದೆ, ದಿನ ಬಿಟ್ಟು ದಿನ ರಕ್ತ ಪರೀಕ್ಷೆ. ಎರಡು ಆಪರೇಷನ್ ಆಯಿತು. ಬಲಗಣ್ಣು ತೆಗೆದರು. ಅವ್ವ ಇದ್ದಾರೆ. ರೊಟ್ಟಿ ಬಡಿಯುತ್ತಾರೆ, ಬಲಗಡೆ ಇಟ್ಟ ಹಿಟ್ಟಿನ ಡಬ್ಬಿ ಕಾಣದೆ ಕೈ ತಡಕಾಡುತ್ತದೆ. ನಾವು ಎಡಗಡೆ ಇಡುವುದನ್ನು ಕಲಿತಿದ್ದೇವೆ.

ಆ ಮಾತ್ರೆ ತಂದುಕೊಟ್ಟವನು ನಾನು.


ರಾತ್ರಿ ಪಾಳಿ

ತಮ್ಮಾ, ಅದನ್ನು ನಿನ್ನ ತಲೆ ಮೇಲೆ ಹೊತ್ತುಕೊಳ್ಳಬೇಡ. ಬಿಡುಗಡೆ ಮಾಡುವಾಗ ಎದುರು ಕೂರಿಸಿಕೊಂಡು ಹೇಳಬೇಕಾದವರು ನಾವು. ಆ ದಿನಗಳಲ್ಲಿ ಬೆಡ್ಡಿಗಾಗಿ ಬಾಗಿಲಲ್ಲಿ ಜನ ಕಾಯುತ್ತಿದ್ದರು. ಚೀಟಿ ಕೈಗಿಟ್ಟು ಕಳಿಸಿಬಿಡುತ್ತಿದ್ದೆವು. ನಾನೂ ಹಾಗೆ ಕಳಿಸಿದ್ದೇನೆ.


ಊರ ಡಾಕ್ಟರ್

ನೀವು ಬರೆದದ್ದು ಬಹಳ ಜನಕ್ಕೆ ಉಪಯೋಗ ಆಗುತ್ತದೆ. ಆ ಬೂಷ್ಟು ನಮ್ಮ ಸುತ್ತ ಮಣ್ಣಿನಲ್ಲಿ, ಗಾಳಿಯಲ್ಲಿ ಯಾವಾಗಲೂ ಇದೆ. ಗಟ್ಟಿ ದೇಹದಲ್ಲಿ ಅದಕ್ಕೆ ನೆಲೆ ಸಿಗುವುದಿಲ್ಲ. ಸಕ್ಕರೆ ವಿಪರೀತ ಏರಿರಬೇಕು, ದೇಹದ ಕಾವಲು ಕುಗ್ಗಿರಬೇಕು. 2021ರಲ್ಲಿ ಕೊರೊನಾ, ಶುಗರ್, ಸ್ಟೀರಾಯ್ಡ್ ಮೂರೂ ಒಂದೇ ದೇಹದಲ್ಲಿ ಸೇರಿದವು. ಅದೇ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಮಾಡಲು ರಾಜ್ಯಗಳಿಗೆ ಹೇಳಿತು.

ಆಕ್ಸಿಜನ್ ಬೇಕಾಗದ ರೋಗಿಗೆ ಸ್ಟೀರಾಯ್ಡಿನಿಂದ ಲಾಭ ಇಲ್ಲ. ಅದೂ ರಿಕವರಿ ಪ್ರಯೋಗದಲ್ಲೇ ಗೊತ್ತಾಗಿತ್ತು. ಆದರೂ ಎರಡನೇ ದಿನದ ಜ್ವರಕ್ಕೇ ಸ್ಟೀರಾಯ್ಡ್ ಬರೆದವರು ನಮ್ಮವರಲ್ಲಿ ಇದ್ದರು. ಇದು ನನಗೆ ಇವತ್ತಿಗೂ ನೋವು.


ಅಪ್ಪನ ಸೈಕಲ್

ನಮ್ಮ ಅಪ್ಪ 2020ರ ಆಗಸ್ಟ್‌ನಲ್ಲಿ ಹೋದರು. 65. ಆಗ ಆರೋಗ್ಯ ಇಲಾಖೆಯ ಬುಲೆಟಿನ್ ದಿನಾ ಸಂಜೆ ಬರುತ್ತಿತ್ತಲ್ವಾ, ತೀರಿಕೊಂಡವರ ಪಟ್ಟಿ ಸಮೇತ. ಹೆಸರು ಇರುತ್ತಿರಲಿಲ್ಲ. ಜಿಲ್ಲೆ, ವಯಸ್ಸು, ಗಂಡು ಹೆಣ್ಣು, ಏನು ಲಕ್ಷಣ, ಆಮೇಲೆ ಮೊದಲಿನ ಕಾಯಿಲೆ. ಅಪ್ಪನ ಸಾಲಿನಲ್ಲಿ "ಡಿಎಂ, ಎಚ್‌ಟಿಎನ್" ಅಂತ ಇತ್ತು. ಶುಗರ್, ಬಿಪಿ. ಅಷ್ಟೇ.

ಬಂದವರೆಲ್ಲ "ಮೊದಲೇ ಶುಗರ್ ಇತ್ತಲ್ವಾ" ಅಂದರು. ಸಮಾಧಾನಕ್ಕೇ ಹೇಳಿದ್ದು, ಗೊತ್ತು. ಆದರೆ ನನಗೆ ಹೇಗೆ ಕೇಳಿಸಿತು ಅಂದರೆ, ಹೇಗೂ ಹೋಗುವವರೇ ಇದ್ದರು ಅನ್ನುವ ಹಾಗೆ. ಅಪ್ಪ ಹೋಗುವವರು ಇರಲಿಲ್ಲ. ಹದಿನೆಂಟು ವರ್ಷದಿಂದ ಶುಗರ್ ಜೊತೆ ಬಾಳಿದ್ದರು. ಒಂದು ಹೊತ್ತೂ ಮಾತ್ರೆ ತಪ್ಪಿಸಲಿಲ್ಲ. ಬೆಳಿಗ್ಗೆ ಆರಕ್ಕೆ ಸೈಕಲ್ ತೆಗೆದು ಹಾಲಿನ ಡೈರಿವರೆಗೆ ಹೋಗಿ ಬರುತ್ತಿದ್ದರು. ಮದುವೆ ಊಟದಲ್ಲಿ ಹೋಳಿಗೆ ಬಂದರೆ ಅರ್ಧ ಮುರಿದು ನನ್ನ ಎಲೆಗೆ ಹಾಕುತ್ತಿದ್ದರು. ಅವರಿಗೆ ಇನ್ನೂ ಹತ್ತು ಹದಿನೈದು ವರ್ಷ ಇತ್ತು. ಕೊರೊನಾ ತೆಗೆದುಕೊಂಡು ಹೋಯಿತು, ಶುಗರ್ ಅಲ್ಲ.

ಕಾಯಿಲೆ ಇದ್ದವರು ಹುಷಾರಾಗಿರಲಿ ಅನ್ನುವುದು ಸರಿ. ಹೋದವರ ಬಗ್ಗೆ "ಮೊದಲೇ ಇತ್ತಲ್ವಾ" ಅನ್ನುವಾಗ ಮಾತ್ರ ಎದುರು ಕೂತವರ ಮುಖ ಒಮ್ಮೆ ನೋಡಿ.


ಬಯಲುಸೀಮೆ

ಅಣ್ಣ, ಈ ಮಾತನ್ನು ನಾನೂ ಒಂದೆರಡು ಕಡೆ ಆಡಿದ್ದೇನೆ. ಇನ್ನು ಆಡುವುದಿಲ್ಲ.


ಕೆರೆ ದಂಡೆ

ದೇಶದಲ್ಲಿ ಕೊರೊನಾದಿಂದ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯವರು. 2020ರ ಮಾರ್ಚ್. 76 ವರ್ಷ, ಸೌದಿಯಿಂದ ಬಂದಿದ್ದರು. ಅವರಿಗೂ ಅಸ್ತಮಾ, ಬಿಪಿ ಇತ್ತು ಅಂತ ಅವತ್ತೇ ಸುದ್ದಿಯಲ್ಲಿ ಬಂದಿತ್ತು. ಹಾಗೆ ನೋಡಿದರೆ ಈ ಮಾತು ಮೊದಲ ದಿನದಿಂದಲೂ ಇದೆ.

ನಾನು ಹೇಳಬೇಕಿರುವುದು ಬೇರೆ. ನಮ್ಮ ಯಜಮಾನರಿಗೆ ವಾರಕ್ಕೆ ಮೂರು ಡಯಾಲಿಸಿಸ್. ಕಿಡ್ನಿ ಕಾಯಿಲೆಯವರು ಮನೆಯಿಂದ ಹೊರಗೆ ಬರಬೇಡಿ ಅಂತ ಎಲ್ಲರೂ ಹೇಳುತ್ತಿದ್ದರು. ಡಯಾಲಿಸಿಸ್‌ಗೆ ಮನೆಯಲ್ಲೇ ಇರುವುದು ಹೇಗೆ? ಲಾಕ್‌ಡೌನ್‌ನಲ್ಲಿ ಆಟೋ ಇಲ್ಲ, ಬಸ್ಸಿಲ್ಲ. ನಾವು ಹೋಗುತ್ತಿದ್ದ ಕಡೆ ಒಂದು ದಿನ ಜ್ವರ ಇದೆ ಅಂತ ಒಳಗೆ ಬಿಡಲಿಲ್ಲ. ನೆಗೆಟಿವ್ ರಿಪೋರ್ಟ್ ತನ್ನಿ ಅಂದರು. ರಿಪೋರ್ಟ್ ಬರಲು ಮೂರು ದಿನ. ಅಷ್ಟರೊಳಗೆ ಎರಡು ಸರದಿ ತಪ್ಪಿ ಎದೆಯಲ್ಲಿ ನೀರು ತುಂಬಿಕೊಂಡಿತು. ಮಲಗಲು ಆಗುತ್ತಿರಲಿಲ್ಲ, ಗೋಡೆಗೆ ಒರಗಿ ರಾತ್ರಿಯೆಲ್ಲ ಕೂತರು. ಉಸಿರಾಟ ನೋಡಿ ನೆರೆಯವರು ಕೊರೊನಾನೇ ಅಂದರು. ರಿಪೋರ್ಟ್ ನೆಗೆಟಿವ್ ಬಂತು.

ಹಳೆಯ ಕಾಯಿಲೆಯಿಂದ ಕೊರೊನಾ ಜಾಸ್ತಿ ಆಗುತ್ತದೆ ಅನ್ನುತ್ತೀರಿ. ಕೊರೊನಾ ಬರದವರಿಗೂ ಹಳೆಯ ಕಾಯಿಲೆ ಜಾಸ್ತಿ ಆಯಿತು. ಅದು ಯಾವ ಬುಲೆಟಿನ್ನಿನಲ್ಲೂ ಬರಲಿಲ್ಲ. ಈಗಲೂ ಕೇಸ್ ಏರುತ್ತಿದೆ ಅಂದ ಕೂಡಲೇ ನನ್ನ ಎದೆ ಡವಡವ ಅನ್ನುವುದು ವೈರಸ್ಸಿಗಲ್ಲ, ಮತ್ತೆ ಆ ಬಾಗಿಲು ಹಾಕುತ್ತಾರೇನೋ ಅಂತ.


ಮೆಡಿಕಲ್ ಶಾಪಿನವರು

ಅಮ್ಮಾ, ಓದಿ ಸಂಕಟ ಆಯಿತು. ನಿಯಮ ಬರೆಯುವವರಿಗೆ ಇಂಥದ್ದು ಕಣ್ಣಿಗೆ ಬೀಳುವುದಿಲ್ಲ. ಲಸಿಕೆಯಲ್ಲೂ ಹಾಗೇ ಆಗಿತ್ತು. 2021ರ ಮಾರ್ಚ್ 1ಕ್ಕೆ 45ರಿಂದ 59ರವರೆಗಿನ ಕಾಯಿಲೆಯವರಿಗೆ ಶುರು ಮಾಡಿದರಲ್ಲ, 20 ಕಾಯಿಲೆಗಳ ಪಟ್ಟಿ ಇತ್ತು. ಶುಗರ್ ಅಂದರೆ ಸಾಲದು. ಹತ್ತು ವರ್ಷ ದಾಟಿರಬೇಕು, ಇಲ್ಲವೇ ಅದರಿಂದ ತೊಂದರೆ ಆಗಿರಬೇಕು. ಜೊತೆಗೆ ಬಿಪಿಗೂ ಮಾತ್ರೆ ನಡೆಯುತ್ತಿರಬೇಕು. ಡಾಕ್ಟರ್ ಸರ್ಟಿಫಿಕೇಟ್ ಬೇರೆ. ನಮ್ಮ ಅಂಗಡಿಯ ಗಿರಾಕಿ ಒಬ್ಬರು, 52 ವರ್ಷ, ಆರು ವರ್ಷದ ಶುಗರ್. ಹಿಂದೆ ಕಳಿಸಿದರು. ಏಪ್ರಿಲ್ 1ಕ್ಕೆ 45 ದಾಟಿದವರಿಗೆಲ್ಲ ತೆರೆದರು, ಹಾಕಿಸಿಕೊಂಡರು. ಅಷ್ಟೊತ್ತಿಗೆ ಎರಡನೇ ಅಲೆ ಬಾಗಿಲಿಗೇ ಬಂದಿತ್ತು.


ಗುಲಾಬಿ ಸೀರೆ
2023 ಡಿಸೆಂಬರ್ 22

ನಾನು ಆಶಾ ಕಾರ್ಯಕರ್ತೆ. 2020ರ ಮೇನಲ್ಲಿ ಮನೆ ಮನೆ ಸಮೀಕ್ಷೆ ಮಾಡಿಸಿದರು. ವಯಸ್ಸಾದವರು, ಬಸುರಿಯರು, ಶುಗರ್, ಬಿಪಿ, ಹೃದಯದ ಕಾಯಿಲೆ ಇರುವವರನ್ನು ಬರೆದುಕೊಳ್ಳಬೇಕಿತ್ತು. ಬಾಗಿಲು ತೆಗೆಯದವರೂ ಇದ್ದರು, ಬೈದವರೂ ಇದ್ದರು. ಆ ಪುಸ್ತಕ ನನ್ನ ಹತ್ತಿರ ಈಗಲೂ ಇದೆ. ಎರಡನೇ ಅಲೆಯಲ್ಲಿ ಯಾರ ಮನೆಗೆ ಮೊದಲು ಆಕ್ಸಿಮೀಟರ್ ತೆಗೆದುಕೊಂಡು ಹೋಗಬೇಕು ಅಂತ ಅದರಿಂದಲೇ ಗೊತ್ತಾಗುತ್ತಿತ್ತು. ಅಂಗಳದಲ್ಲಿ ಆರು ನಿಮಿಷ ನಡೆಸಿ, ಮತ್ತೆ ಬೆರಳಿಗೆ ಹಾಕಿ ನೋಡುತ್ತಿದ್ದೆ. ಕೂತಾಗ 96 ಇದ್ದದ್ದು ನಡೆದ ಮೇಲೆ 91ಕ್ಕೆ ಇಳಿದವರಿದ್ದರು. ಮುಖದಲ್ಲಿ ಸುಸ್ತೇ ಕಾಣುತ್ತಿರಲಿಲ್ಲ. ಅವರನ್ನೆಲ್ಲ ಅವತ್ತೇ ಕಳಿಸಿದೆ.

ತುಂಗೆಯ ಮಗಳು ಅಕ್ಕಾ, ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಶುಗರ್, ಬಿಪಿ ಎರಡನ್ನೂ ದುಡ್ಡಿಲ್ಲದೆ ನೋಡುತ್ತಾರೆ, ಮಾತ್ರೆಯೂ ಕೊಡುತ್ತಾರೆ. ನಿಮ್ಮ ಊರಿನ ಆಶಾ ಯಾರು ಅಂತ ಅಮ್ಮನಿಗೆ ಗೊತ್ತಿರುತ್ತದೆ. ಅವರ ನಂಬರ್ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ.


ತುಂಗೆಯ ಮಗಳು

ಇಟ್ಟುಕೊಂಡೆ ಅಕ್ಕಾ. ಡಾಕ್ಟ್ರೇ, ಜ್ವರ ಬಂದರೆ ಶುಗರ್ ಮಾತ್ರೆಯನ್ನು ಏನು ಮಾಡಬೇಕು? ಊಟ ಸೇರದಿದ್ದರೆ ಮಾತ್ರೆ ಬಿಡಬೇಕಾ?


ಊರ ಡಾಕ್ಟರ್

ಒಳ್ಳೆಯ ಪ್ರಶ್ನೆ. ಊಟ ಮಾಡಲಿಲ್ಲ ಅಂತ ಎಲ್ಲವನ್ನೂ ನಿಲ್ಲಿಸಿಬಿಡುವುದೇ ದೊಡ್ಡ ತಪ್ಪು. ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸಲೇಬಾರದು. ಜ್ವರದಲ್ಲಿ ಊಟ ಇಲ್ಲದೆಯೂ ಸಕ್ಕರೆ ಏರುತ್ತದೆ. ದಿನಕ್ಕೆ ನಾಲ್ಕು ಸಲ ಚುಚ್ಚಿ ನೋಡಲಿ, ಗಂಜಿಯಾದರೂ ಕುಡಿಯಲಿ, ನೀರು ಚೆನ್ನಾಗಿ ಕುಡಿಯಲಿ.

ಒಂದು ಜಾತಿಯ ಮಾತ್ರೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಹೆಸರು "ಗ್ಲಿಫ್ಲೋಜಿನ್" ಅಂತ ಮುಗಿಯುತ್ತದೆ, ಡಾಪಾಗ್ಲಿಫ್ಲೋಜಿನ್ ಥರದವು. ವಾಂತಿ, ಊಟ ಇಲ್ಲ, ನೀರಿಲ್ಲ ಅನ್ನುವಾಗ ಅದನ್ನು ತೆಗೆದುಕೊಂಡರೆ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ. ಸಕ್ಕರೆ ಅಷ್ಟು ಜಾಸ್ತಿ ಕಾಣಿಸದೆಯೂ ಹಾಗೆ ಆಗಬಹುದು. ಅಮ್ಮನ ಮಾತ್ರೆ ಪಟ್ಟಿಯ ಫೋಟೋ ತರಿಸಿ ನೋಡಿ. ಆ ಹೆಸರು ಇದ್ದರೆ ಜ್ವರ ಬಂದ ದಿನವೇ ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಆಕ್ಸಿಜನ್ ಸ್ಯಾಚುರೇಷನ್ 94ಕ್ಕಿಂತ ಕೆಳಗೆ ಬಂದರೆ, ಸಕ್ಕರೆ 300 ದಾಟಿ ಇಳಿಯದಿದ್ದರೆ, ಮಾತು ತೊದಲಿದರೆ, ಯಾರನ್ನೂ ಕೇಳುತ್ತಾ ಕೂರಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ.


ತುಂಗೆಯ ಮಗಳು
2023 ಡಿಸೆಂಬರ್ 27

ಶನಿವಾರ ಊರಿಗೆ ಹೋಗಿದ್ದೆ. ಅಮ್ಮನನ್ನು ಪರೀಕ್ಷೆಗೆ ಕರೆದುಕೊಂಡು ಹೋದೆ. ಎಚ್‌ಬಿಎ1ಸಿ 9.2 ಬಂತು, ಜಾಸ್ತಿಯೇ ಇದೆ. ಮಾತ್ರೆ ತಪ್ಪಿಸಿರಲಿಲ್ಲ, ನಿಜ. ಆದರೆ ಒಂದೂವರೆ ವರ್ಷದ ಹಿಂದಿನ ಚೀಟಿಯ ಮೇಲೆ ಅದೇ ಮಾತ್ರೆ, ಅದೇ ಪ್ರಮಾಣ ನಡೆಯುತ್ತಿತ್ತು. ಡಾಕ್ಟರ್ ಬದಲಾಯಿಸಿ ಕೊಟ್ಟಿದ್ದಾರೆ. ನೀವು ಹೇಳಿದ ಗ್ಲಿಫ್ಲೋಜಿನ್ ಹೊಸ ಚೀಟಿಯಲ್ಲಿ ಇದೆ. ಜ್ವರ ಬಂದರೆ ಏನು ಮಾಡಬೇಕು ಅಂತ ಅಲ್ಲೇ ಕೇಳಿ ಬರೆಸಿಕೊಂಡೆ.

ಗ್ಲೂಕೋಮೀಟರ್, ಆಕ್ಸಿಮೀಟರ್ ಎರಡೂ ಕೊಡಿಸಿ ಬಂದೆ. ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಶುಗರ್ ಬರೆಯಲು ಶುರು ಮಾಡಿದ್ದಾರೆ. ಭಾನುವಾರ 214, ಸೋಮವಾರ 198, ಇವತ್ತು ಬೆಳಿಗ್ಗೆ 176. ಕಷಾಯಕ್ಕೆ ಬೆಲ್ಲ ನಿಂತಿದೆ. ಹಾವೇರಿಯ ಅಣ್ಣ, ನಿಮ್ಮವ್ವನ ವಿಷಯ ಓದಿ ಹೇಳಿದೆ. ಅಮ್ಮ ನಿಮ್ಮವ್ವನಿಗೆ ನಮಸ್ಕಾರ ತಿಳಿಸು ಅಂದಿದ್ದಾರೆ.

ನರ್ಸ್ ಅಕ್ಕನಿಗೆ ಅಮ್ಮನದೇ ಒಂದು ಪ್ರಶ್ನೆ. ಒಂದೇ ಬೆರಳು ಚುಚ್ಚಿ ಚುಚ್ಚಿ ನೋಯುತ್ತಿದೆಯಂತೆ. ಬೇರೆ ಬೆರಳು ಆಗುತ್ತದಾ?


ರಾತ್ರಿ ಪಾಳಿ

ಆಗುತ್ತದೆ ಅಂತ ಹೇಳಿ. ದಿನಾ ಬೆರಳು ಬದಲಾಯಿಸಲಿ. ತುದಿಯ ನಡುವೆ ಬೇಡ, ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಲಿ. ಬಾಳೆಹಣ್ಣು ಸುಲಿದ ಕೈಯಲ್ಲಿ ಹಾಗೇ ಚುಚ್ಚಿದರೆ ಇಲ್ಲದ ಶುಗರ್ ತೋರಿಸಿಬಿಡುತ್ತದೆ.